ಗೋಡೆಗೆ ಕಿವಿ, ಬಲ್ಬಿಗೆ ಪಾಸ್‌ವರ್ಡ್

ಶೀನ: (ಪಿಸುದನಿಯಲ್ಲಿ) ಸ್ವಲ್ಪ ಮೆತ್ತಗೆ ಮಾತಾಡ್ರೋ. ಮೂಲೇಲಿ ಸ್ಮಾರ್ಟ್ ಸ್ಪೀಕರ್ ಕೂತಿದೆ.

ಗಿರಿ: ಕೂತಿರ್ಲಿ ಬಿಡೋ. ಅದು ಕಾಯ್ತಿರೋದು ತನ್ನ ಹೆಸರಿಗೆ. ಯಾರಾದ್ರೂ ಕರೆದ್ರಾ ಇಲ್ವಾ ಅಂತ ಒಳಗಿನ ಚಿಪ್ಪೇ ನೋಡ್ಕೊಳ್ಳುತ್ತೆ. ಕೆಲವೇ ಸೆಕೆಂಡಿನ ಸದ್ದು ಹಿಡ್ಕೊಂಡು ಅದರ ಮೇಲೇ ಹೊಸದನ್ನ ಬರೀತಾ ಹೋಗುತ್ತೆ. ಹೆಸರು ಕಿವಿಗೆ ಬಿದ್ದ ಮೇಲೇ ಸರ್ವರಿಗೆ ಹೋಗೋದು.

ವನಜ: ಸರಿಯಾಗಿ ಬಿದ್ರೆ! ಟಿವಿಲಿ ಯಾರೋ ಅದೇ ಥರದ ಪದ ಅಂದ್ರೂ ‘ಬಂದೆ ಧಣಿ’ ಅಂತ ಎದ್ದು ಕೂರುತ್ತೆ. ರೆಕಾರ್ಡ್ ಆದ ತುಣುಕುಗಳಲ್ಲಿ ಕೆಲವನ್ನ ಮನುಷ್ಯರೇ ಕೂತು ಕೇಳ್ತಿದ್ರು ಅನ್ನೋದು 2019ರಲ್ಲಿ ಹೊರಗೆ ಬಂತಲ್ಲ. ಅಮೆಜಾನ್, ಗೂಗಲ್, ಆಪಲ್, ಮೂರರದ್ದೂ ಅದೇ ಕಥೆ.

ಶೀನ: ನೋಡಿದ್ರಾ! ಗೋಡೆಗೆ ಕಿವಿ ಇರುತ್ತೆ ಅಂತಿದ್ರು. ಈಗ ಆ ಕಿವಿಗೆ ಸಂಬಳ ಬೇರೆ.

ವನಜ: ಆ್ಯಪಿನ ಪ್ರೈವೆಸಿ ಸೆಟ್ಟಿಂಗಿಗೆ ಹೋಗಿ ಹಳೇ ರೆಕಾರ್ಡಿಂಗ್ ಅಳಿಸು. 3 ತಿಂಗಳಿಗೊಮ್ಮೆ ತಾನೇ ಅಳಿಸ್ಕೊಳ್ಳೋ ಆಯ್ಕೆ ಇದ್ರೆ ಹಾಕಿಡು. ಗುಟ್ಟಿನ ಮಾತಿದ್ರೆ ಮೈಕ್ ಆಫ್ ಮಾಡೋ ಗುಂಡಿ ಒತ್ತು. ಅಷ್ಟೇ. ನೀನು ಹೆದರ್ತಿರೋದು ತಪ್ಪು ಜಾಗದಲ್ಲಿ ಕಣೋ. ಸ್ಪೀಕರ್ ಮುಂದೆ ಪಿಸುಗುಟ್ಟೋರೇ ಕ್ಯಾಮೆರಾಗೆ ಹೆಸರು-ಪಾಸ್‌ವರ್ಡ್ ‘ಅಡ್ಮಿನ್, ಅಡ್ಮಿನ್’ ಅಂತ್ಲೇ ಬಿಟ್ಟಿರ್ತಾರೆ.

ಶೀನ: ಕಂಪನಿಯವರು ಇಟ್ಟ ಹೆಸರು. ಬದಲಾಯಿಸಿದ್ರೆ ಬೇಜಾರಾಗಲ್ವಾ?

ಗಿರಿ: 2016ರಲ್ಲಿ ಇಡೀ ಇಂಟರ್ನೆಟ್ಟಿಗೇ ಬೇಜಾರಾಯ್ತು! ಮಿರೈ ಅಂತ ಒಂದು ಮಾಲ್‌ವೇರ್, ಕೇಡಿನ ಪ್ರೋಗ್ರಾಂ. ಅದರ ಹತ್ರ ಇದ್ದ ವಿದ್ಯೆ ಏನು ಗೊತ್ತಾ? ಕಂಪನಿಯವರು ಇಡೋ 60 ಚಿಲ್ರೆ ಹೆಸರು-ಪಾಸ್‌ವರ್ಡ್ ಜೋಡಿ, ಅಷ್ಟೇ. ದೂರದಿಂದ ಉಪಕರಣದೊಳಗೆ ಹೋಗೋ ಹಳೇ ದಾರಿ ಟೆಲ್ನೆಟ್, ಅದರ ಬಾಗಿಲು ತಟ್ಟೋದು, ಒಂದೊಂದೇ ಜೋಡಿ ಹಾಕಿ ನೋಡೋದು. ಕ್ಯಾಮೆರಾ, ಅದರ ದೃಶ್ಯ ತುಂಬಿಡೋ ಡಿವಿಆರ್, ರೌಟರ್ ಎಲ್ಲಾ ಅದರ ಸೈನ್ಯಕ್ಕೆ ಸೇರಿದ್ವು. ಅಕ್ಟೋಬರ್ 21ಕ್ಕೆ ಡೈನ್ ಅನ್ನೋ ಡಿಎನ್‌ಎಸ್ ಕಂಪನಿ ಮೇಲೆ ಮುಗಿಬಿದ್ವು. ಸೈಟಿನ ಹೆಸರು ಹೇಳಿದ್ರೆ ವಿಳಾಸ ಕೊಡೋನೇ ಬಾಯಿ ಮುಚ್ಚಿದ ಮೇಲೆ ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನಕ್ಕೆ ತೆರೆಯಲೇ ಇಲ್ಲ.

ಶೀನ: ಪ್ಲಗ್ ಕಿತ್ರೆ ಸಾಯಲ್ವಾ ಆ ಭೂತ?

ಗಿರಿ: ಸಾಯುತ್ತೆ, ಅದು ಇರೋದು ಮೆಮೊರಿಲಿ ಮಾತ್ರ. ಆದ್ರೆ ಪಾಸ್‌ವರ್ಡ್ ಹಳೇದೇ ಆಗಿದ್ರೆ ಮತ್ತೆ ಆನ್ ಮಾಡಿ ಸ್ವಲ್ಪ ಹೊತ್ತಿಗೇ ವಾಪಸ್. ಅದಕ್ಕೇ ಮೊದಲು ರೌಟರಿಗೆ ಹೊರಗಿಂದ ಬರೋ ಕೇಬಲ್ ಕಿತ್ತಿಡು. ಆಮೇಲೆ ಕ್ಯಾಮೆರಾ ಆಫ್, ಆನ್. ಒಳಗಿನ ನೆಟ್‌ವರ್ಕಲ್ಲೇ ಪಾಸ್‌ವರ್ಡ್ ಬದಲಿಸು. ಕೊನೇಲಿ ಕೇಬಲ್ ಹಾಕಿ ಫರ್ಮ್‌ವೇರ್, ಅಂದ್ರೆ ಕ್ಯಾಮೆರಾದೊಳಗಿನ ತಂತ್ರಾಂಶ, ಅಪ್‌ಡೇಟ್ ಮಾಡು.

ವನಜ: ಇದರಲ್ಲೂ ಒಂದು ತಮಾಷೆ ಇದೆ. ಕೆಲವು ಮಾಡೆಲ್‌ಗಳಲ್ಲಿ ಟೆಲ್ನೆಟ್ ಪಾಸ್‌ವರ್ಡ್ ಫರ್ಮ್‌ವೇರಿಗೇ ಅಚ್ಚಾಗಿರುತ್ತೆ. ನೀನು ಸ್ಕ್ರೀನಲ್ಲಿ ಬದಲಿಸೋದು ಮುಂಬಾಗಿಲ ಬೀಗ, ಹಿತ್ತಲ ಬಾಗಿಲು ತೆರೆದೇ ಇರುತ್ತೆ. ಅಂಥದ್ದಕ್ಕೆ, ಅಪ್‌ಡೇಟ್ ನಿಂತುಹೋದದ್ದಕ್ಕೆ, ಔಷಧಿ ಇಲ್ಲ. ನೆಟ್ ತಪ್ಪಿಸಿಡೋದೊಂದೇ.

ಶೀನ: ರೌಟರ್ ಕಾಯಲ್ವಾ ಹಿತ್ತಲನ್ನ?

ಗಿರಿ: ಕಾಯೋನೇ ಬೀಗ ತೆಗೆದುಕೊಡ್ತಾನೆ ಕಣೋ. ರೌಟರಲ್ಲಿ ಯುಪಿಎನ್‌ಪಿ ಅನ್ನೋ ಸೌಲಭ್ಯ ಆನ್ ಇದ್ರೆ ಒಳಗಿನ ಯಾವ ಉಪಕರಣ ಕೇಳಿದ್ರೂ ಹೊರಗಿನವರಿಗೆ ಪೋರ್ಟ್ ಅನ್ನೋ ಬಾಗಿಲು ತೆರೆಯುತ್ತೆ, ನಿನ್ನನ್ನ ಒಂದು ಮಾತೂ ಕೇಳಲ್ಲ. ಆಫ್ ಮಾಡು. ಪಾಸ್‌ವರ್ಡ್ ಬದಲು ಅಂಕಿ ಹಾಕಿ ವೈಫೈ ಸೇರೋ ಡಬ್ಲ್ಯೂಪಿಎಸ್ ಪಿನ್ ಕೂಡ ಆಫ್. 8 ಅಂಕಿ ಅಂದ್ರೆ 10 ಕೋಟಿ ಸಾಧ್ಯತೆ ಅನ್ಸುತ್ತೆ. ಆದ್ರೆ ಮೊದಲ 4 ಸರಿಯಾದ್ರೆ ರೌಟರೇ ಸುಳಿವು ಕೊಡುತ್ತೆ, ಕೊನೇ ಅಂಕಿ ಬರೀ ತಾಳೆ ನೋಡೋಕೆ. ಮೊದಲ ನಾಲ್ಕಕ್ಕೆ ಹತ್ತು ಸಾವಿರ, ಉಳಿದ ಮೂರಕ್ಕೆ ಸಾವಿರ, ಒಟ್ಟು 11,000 ಸಲ ಯತ್ನಿಸಿದ್ರೆ ಮುಗೀತು.

ವನಜ: ಬಲ್ಬು, ಪ್ಲಗ್ಗು, ಕ್ಯಾಮೆರಾ ಎಲ್ಲವನ್ನೂ ಗೆಸ್ಟ್ ನೆಟ್‌ವರ್ಕಿಗೆ, ಅಂದ್ರೆ ರೌಟರ್ ಅತಿಥಿಗಳಿಗೆ ಅಂತ ಕೊಡೋ ಬೇರೆ ವೈಫೈಗೆ, ತಳ್ಳು. ಬಲ್ಬ್ ಕೆಟ್ಟೋರ ಕೈಗೆ ಸಿಕ್ರೂ ನಿನ್ನ ಲ್ಯಾಪ್‌ಟಾಪ್ ತನಕ ಬರ್ಬಾರದು. ಬಹಳಷ್ಟು ಬಲ್ಬುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಬಿಟ್ರೆ ಬೇರೆ ತಿಳಿಯಲ್ಲ, ಗೆಸ್ಟಲ್ಲೂ ಅದನ್ನ ಆನ್ ಇಡು. ಟಿವಿನೂ ಅಲ್ಲೇ ಹಾಕಿದ್ರೆ ಫೋನಿನ ವಿಡಿಯೋ ಟಿವಿಗೆ ಕಾಸ್ಟ್ ಆಗಲ್ಲ. ‘ಹಾಳಾಯ್ತು’ ಅಂತ ಅರಚಬೇಡ, ಬೇಲಿ ಕೆಲಸ ಮಾಡ್ತಿದೆ ಅಂತ ಅರ್ಥ.

ಶೀನ: ಟಿವಿ ಪಾಪದ್ದು. ನಾವು ಅದನ್ನ ನೋಡ್ತೀವಿ, ಅಷ್ಟೇ.

ಗಿರಿ: ಅದೂ ನಿನ್ನನ್ನ ನೋಡುತ್ತೆ! ಪರದೆ ಮೇಲೆ ಏನು ಓಡ್ತಿದೆ ಅಂತ ಗುರುತು ಹಿಡಿದು ಕಳಿಸೋ ವ್ಯವಸ್ಥೆ ಇದೆ, ಎಸಿಆರ್ ಅಂತ. 1 ಕೋಟಿ 10 ಲಕ್ಷ ಟಿವಿಗಳಿಂದ ಕೇಳದೇ ಹೀಗೆ ಸಂಗ್ರಹಿಸಿದ ದೂರಿಗೆ ವಿಜಿಯೋ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟೋಕೆ ಒಪ್ತು. ಸೆಟ್ಟಿಂಗಲ್ಲಿ ‘ವೀಕ್ಷಣೆ ಮಾಹಿತಿ’ ಥರದ್ದು ಕಂಡ್ರೆ ಆಫ್ ಮಾಡು.

ವನಜ: ಹಳೇ ಕ್ಯಾಮೆರಾ ಯಾರಿಗಾದ್ರೂ ಕೊಡೋ ಮುಂಚೆ ರೀಸೆಟ್ ಮಾಡಿದ್ರೆ ಸಾಲದು, ಖಾತೆಯಿಂದಲೂ ತೆಗಿ, ಎಸ್‌ಡಿ ಕಾರ್ಡ್ ಕೈಗೆ ತಗೋ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಹಿಂದೆ ‘ಸದಸ್ಯ’ ಅಂತ ಸೇರಿಸ್ಕೊಂಡೋರು ಹೊರಗೆ ಹೋಗಲ್ಲ, ಪಟ್ಟಿ ನೋಡಿ ಅಳಿಸ್ಬೇಕು. ಇವೆಲ್ಲಕ್ಕಿಂತ ಮೊದಲು ಇಮೇಲ್ ಭದ್ರ ಮಾಡು. ‘ಪಾಸ್‌ವರ್ಡ್ ಮರೆತೆ’ ಅಂದಾಗ ಕೀಲಿಕೈ ಬಂದು ಬೀಳೋದು ಅಲ್ಲಿಗೇ. ಪಾಸ್‌ವರ್ಡ್ ಜೊತೆಗೆ ಕೇಳೋ ಕೋಡಿಗೆ, 30 ಸೆಕೆಂಡಿಗೊಮ್ಮೆ ಬದಲಾಗೋ ಕೋಡಿನ ಆ್ಯಪ್ ಹಾಕ್ಕೋ. ಎಸ್‌ಎಂಎಸ್ ಓಟಿಪಿ ನಂಬಿದ್ರೆ, ನಿನ್ನ ನಂಬರಿಗೆ ಬೇರೆಯೋರು ಸಿಮ್ ತಗೊಂಡ ದಿನ ಕೋಡೂ ಅವರಿಗೇ.

ಶೀನ: ಇಷ್ಟೊಂದು ಪಾಸ್‌ವರ್ಡ್ ಯಾವ ತಲೇಲಿ ಇಟ್ಕೊಳ್ಳಲಿ ಮಾರಾಯ್ತಿ? ಎಲ್ಲದಕ್ಕೂ ಒಂದೇ ಇಟ್ರೆ?

ವನಜ: ಒಂದು ಸೈಟ್ ಸೋರಿದ್ರೆ ಕಳ್ಳರು ಅದೇ ಜೋಡೀನ ಬೇರೆ ನೂರು ಕಡೆ ಹಾಕಿ ನೋಡ್ತಾರೆ. ಎಲ್ಲಾ ಪಾಸ್‌ವರ್ಡ್ ಬೀಗ ಹಾಕಿಡೋ ಪಾಸ್‌ವರ್ಡ್ ಮ್ಯಾನೇಜರ್ ಇಟ್ಕೋ, ಅದರದ್ದೊಂದು ನೆನಪಿದ್ರೆ ಸಾಕು.

ಶೀನ: ಆ ಒಂದನ್ನ ಕಾಗದದ ಮೇಲೆ ಬರ್ಕೊಳ್ಳಲಾ?

ವನಜ: ಬರ್ಕೋ, ತಪ್ಪಿಲ್ಲ. ಇಂಟರ್ನೆಟ್ಟಲ್ಲಿ ಬರೋ ಕಳ್ಳ ನಿನ್ನ ಬೀರು ತೆಗೆಯೋಕೆ ಆಗಲ್ಲ.

ಶೀನ: ಹಾಗಾದ್ರೆ ಈಗ್ಲೇ ಬರೀತೀನಿ.

ಗಿರಿ: ಏಯ್, ತಡಿಯೋ! ಮೊದ್ಲು ಆ ಕ್ಯಾಮೆರಾನ ಗೋಡೆ ಕಡೆ ತಿರುಗಿಸು.