ಹಳೆಯ ಮನೆಯ ಮಹಡಿಯ ನೆಲ ಒಂದು ಕಡೆಗೆ ಇಳಿದಿದೆ, ಸಮಗೊಳಿಸುವುದು ಹೇಗೆ?

ಪ್ರಶ್ನೆ:
ನಾವು ಹೊಸದಾಗಿ ವಾಸಕ್ಕೆ ಬಂದಿರುವ ಹಳೆಯ ಮನೆಯ ಮಹಡಿ ಕೋಣೆಯಲ್ಲಿ, ಮರದ ಜಂತೆಗಳ ಮೇಲೆ ಹಲಗೆ ಹಾಸಿದ ನೆಲವು ಬಾಗಿಲಿನಿಂದ ಹೊರಗೋಡೆಯವರೆಗಿನ 4 ಮೀಟರ್ ಉದ್ದದಲ್ಲಿ ಸುಮಾರು 40 ಮಿ.ಮೀ. ಇಳಿದಿದೆ. ತಾನಾಗಿ ಸಮತಟ್ಟಾಗುವ ಸಿಮೆಂಟ್ ಮಿಶ್ರಣವನ್ನು ಸುರಿದು, ಅದರ ಮೇಲೆ ಹೊಸ ಹಲಗೆ ಹಾಸಬಹುದೆಂದು ಕೆಲಸದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1:
ದಯವಿಟ್ಟು ಸುರಿಸಬೇಡಿ. ಆ ಮಿಶ್ರಣವು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 1.7ರಿಂದ 2 ಕಿಲೋ ತೂಗುತ್ತದೆ. ಎಂದರೆ ತಗ್ಗಿನ ಅಂಚಿನಲ್ಲಿ ಚದರ ಮೀಟರಿಗೆ 70 ಕಿಲೋದಷ್ಟು ಭಾರ, ಅದೂ ಈಗಾಗಲೇ ಸೋತಿರುವ ಕಡೆಯಲ್ಲಿಯೇ, ಶಾಶ್ವತವಾಗಿ ಕೂರುತ್ತದೆ. ಮನೆಯ ನೆಲದ ಮೇಲೆ ಜನ ಮತ್ತು ಸಾಮಾನುಗಳ ಭಾರವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಎಂದು ಲೆಕ್ಕ ಹಾಕುವುದನ್ನು ನೆನೆದರೆ ಇದು ಸಣ್ಣ ಹೊರೆಯಲ್ಲ.

ಮೊದಲು ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಅರ್ಧ ಮೀಟರಿಗೊಂದರಂತೆ ಎತ್ತರಗಳನ್ನು ಗುರುತಿಸಿ. ನಡುವೆ ತಗ್ಗಿದ್ದರೆ ಜಂತೆಗಳು ವರ್ಷಗಟ್ಟಲೆ ಭಾರ ಹೊತ್ತು ಬಾಗಿವೆ ಎನ್ನಬಹುದು. ಒಂದೇ ಸಮನೆ ಗೋಡೆಯತ್ತ ಇಳಿದಿದ್ದರೆ, ಗೋಡೆಯೊಳಗಿನ ಜಂತೆಯ ತುದಿಗಳು ತೇವದಿಂದ ಕೊಳೆತಿರಬೇಕು, ಇಲ್ಲವೇ ಗೆದ್ದಲು ತಿಂದಿರಬೇಕು, ಅಥವಾ ಗೋಡೆಯೇ ಕುಸಿಯುತ್ತಿರಬೇಕು. ಗೋಡೆಯ ಬಳಿಯ ಕೆಲವು ಹಲಗೆಗಳನ್ನು ಎಬ್ಬಿಸಿ, ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಐದು ಜಂತೆಗಳ ಪೈಕಿ ಎರಡರ ತುದಿಯಲ್ಲಿ ಸ್ಕ್ರೂಡ್ರೈವರ್ ಬೆರಳುದ್ದ ಒಳಗಿಳಿಯಿತು. ಹೊರಗೋಡೆಯಲ್ಲಿ ಅದೇ ನೇರಕ್ಕೆ ಮಳೆನೀರಿನ ಕೊಳವೆ ಸೋರಿದ ಕಲೆಯಿದೆ. ಕೆಳಗಿನಿಂದ ಜಾಕ್ ಕೊಟ್ಟು ಎತ್ತಿಸಿದರೆ ಸಾಕೇ?

ಉತ್ತರ 2:
ಕೊಳವೆಯ ಸೋರಿಕೆಯನ್ನು ನಿಲ್ಲಿಸದೆ ಜಂತೆಗಳಿಗೆ ಕೈ ಹಾಕಿದರೆ ಹೊಸ ಮರವೂ ಕೊಳೆಯುತ್ತದೆ. ಅದಾದ ಮೇಲೆ, ಕೆಳಗಿನ ನೆಲವು ಭಾರ ತಾಳುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಅಗಲವಾದ ದಪ್ಪ ಹಲಗೆಯ ಮೇಲೆ ಜಾಕ್‌ಗಳನ್ನು ನಿಲ್ಲಿಸಿ, ಒಮ್ಮೆಗೆ ಕೆಲವೇ ಮಿ.ಮೀ. ಎತ್ತಿ, ಕೆಲವು ದಿನ ಬಿಟ್ಟು ಮತ್ತೆ ಎತ್ತಬೇಕು; ಅವಸರಪಟ್ಟರೆ ಗೋಡೆಯ ಗಾರೆ ಬಿರಿಯುತ್ತದೆ, ಬಾಗಿಲುಗಳು ಸಿಕ್ಕಿಕೊಳ್ಳುತ್ತವೆ. ಕೊಳೆತ ಭಾಗವನ್ನು ಕತ್ತರಿಸಿ, ಗಟ್ಟಿ ಮರ ಉಳಿದಿರುವಲ್ಲಿಂದ ಅದೇ ಎತ್ತರದ ಹೊಸ ಜಂತೆಯನ್ನು ಪಕ್ಕಕ್ಕೆ ಜೋಡಿಸಿ ಬೋಲ್ಟ್ ಹಾಕಬೇಕು. ಜೋಡಣೆಯ ಉದ್ದ ಮತ್ತು ಬೋಲ್ಟುಗಳ ಸಂಖ್ಯೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ನಿರ್ಧರಿಸಲಿ. ಅಂದಾಜಿನಿಂದ ಮಾಡುವ ಕೆಲಸ ಇದಲ್ಲ.

ಪೂರ್ತಿ ಸಮವಾಗಲೇಬೇಕೆಂಬ ಹಟ ಬೇಡ. ಉಳಿಯುವ ಇಳಿಜಾರಿಗೆ ಜಂತೆಗಳ ಮೇಲೆ ಓರೆಯಾಗಿ ಸೀಳಿದ ಮರದ ಪಟ್ಟಿಗಳನ್ನು ಬಡಿದು ಹಲಗೆ ಹಾಸಿದರೆ ಭಾರ ಅಷ್ಟಾಗಿ ಹೆಚ್ಚುವುದಿಲ್ಲ.

ಉತ್ತರ 3:
ಎಂಜಿನಿಯರ್ ಬರುವ ಮೊದಲೇ ಆ ಹೊರಗೋಡೆಯಲ್ಲಿ ಬಿರುಕುಗಳಿದ್ದರೆ ಅವುಗಳ ಎರಡೂ ತುದಿಗಳನ್ನು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ದಿನಾಂಕ ಮತ್ತು ಅಗಲವನ್ನು ಬರೆದಿಡಿ. ಮಳೆಗಾಲ, ಬೇಸಿಗೆ ಎರಡೂ ಕಳೆದ ಮೇಲೂ ಬಿರುಕು ಗುರುತು ದಾಟದೆ, ಅಗಲವೂ ಆಗದಿದ್ದರೆ ಗೋಡೆ ಕುಸಿಯುವುದು ನಿಂತಿದೆ ಎನ್ನಬಹುದು. ದಾಟುತ್ತಿದ್ದರೆ ಅಡಿಪಾಯದ ಪರೀಕ್ಷೆಯಾಗುವವರೆಗೆ ಹೊಸ ಹಲಗೆಗೆ ಹಣ ಹಾಕಬೇಡಿ.