ಎದೆ ಊದಿದೆ, ಗಾಂಜಾದಿಂದಲೇ ಆಗಿದ್ದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ: ವಯಸ್ಸು 24. ಗೋಕರ್ಣದ ಕಡೆ ಹೋಗಿ ಬರುವಾಗ ಹತ್ತಿದ ಚಟ, ಈಗ ಹೆಚ್ಚುಕಡಿಮೆ ದಿನಾ ಗಾಂಜಾ ಸೇದುತ್ತೇನೆ. ಈಚೆಗೆ ಎಡ ಮೊಲೆತೊಟ್ಟಿನ ಕೆಳಗೆ ಗಟ್ಟಿ ಬಿಲ್ಲೆಯಂಥದ್ದು ಆಗಿದೆ. ಮುಟ್ಟಿದರೆ ನೋವು. ಬಲಗಡೆಯೂ ಸ್ವಲ್ಪ ಉಬ್ಬಿದೆ. ಮುಂದಿನ ತಿಂಗಳು ತಮ್ಮನ ಉಪನಯನ, ಅಂಗಿ ತೆಗೆದು ಓಡಾಡಬೇಕು. ಗಾಂಜಾ ಬಿಟ್ಟರೆ ಇಳಿಯುತ್ತಾ? ಯಾವ ಡಾಕ್ಟರಿಗೆ ತೋರಿಸಲಿ?

ಕಾರವಾರದಿಂದ: ನನಗೂ ಹೀಗೇ ಆಗಿತ್ತು. ಜನರಲ್ ಸರ್ಜನ್‌ಗೆ ತೋರಿಸಿ, ಕಾರವಾರ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಆದೀತು. ಗಾಂಜಾ ಸೇದುತ್ತೇನೆ ಅಂತ ನಾನು ಮೊದಲೇ ಹೇಳಿದ್ದೆ. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಕುಡಿತ ಇದೆಯಾ, ಜಿಮ್ಮಿನಲ್ಲಿ ಇಂಜೆಕ್ಷನ್ ತಗೋತೀಯಾ, ಕೂದಲಿಗೆ ಮಾತ್ರೆ ಇದೆಯಾ ಅಂತ ಒಂದೊಂದೇ ಕೇಳಿದರು. ಆಮೇಲೆ ವೃಷಣ ಪರೀಕ್ಷೆ ಮಾಡಿದರು. ಎದೆ ತೋರಿಸಲು ಹೋದವನಿಗೆ ಇದ್ಯಾಕೆ ಅಂತ ಮುಜುಗರ ಆಯಿತು. ಅಲ್ಲಿ ಗಡ್ಡೆ ಇದ್ದರೂ ಎದೆ ಊದುತ್ತದಂತೆ, ಅದಕ್ಕೇ ನೋಡಲೇಬೇಕು ಅಂದರು. ರಕ್ತದಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್, ಹಾಲೂಡುವಿಕೆಯ ಹಾರ್ಮೋನು ಪ್ರೊಲ್ಯಾಕ್ಟಿನ್, ಥೈರಾಯ್ಡ್, ಲಿವರ್ ಎಲ್ಲ ನೋಡಿದರು. ನನ್ನ ವಿಷಯದಲ್ಲಿ ಅವರಿಗೆ ಅನುಮಾನ ಬಂದಿದ್ದು ಕೂದಲು ಉದುರದಿರಲಿ ಅಂತ ನುಂಗುತ್ತಿದ್ದ ಫಿನಾಸ್ಟರೈಡ್ ಮೇಲೆ. ಅದನ್ನು ನಿಲ್ಲಿಸಿದ ಮೇಲೆ ನೋವು ಮೊದಲು ಹೋಯಿತು, ಗಂಟು ನಿಧಾನಕ್ಕೆ ಕರಗಿತು. ಹಾಗಾಗಿ ಗಾಂಜಾ ಒಂದನ್ನೇ ಹಿಡಿದು ಕೂರಬೇಡಿ.

ಕುಮಟಾ, ಮೆಡಿಕಲ್ ಶಾಪ್‌ನಲ್ಲಿ ಕೆಲಸ: ಇದಕ್ಕೆ ಗೈನಕೊಮಾಸ್ಟಿಯಾ ಅಂತಾರೆ. ಗಂಡಸರ ಮೈಯಲ್ಲೂ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನು ಇರುತ್ತದೆ. ಟೆಸ್ಟೋಸ್ಟೆರಾನ್ ಮುಂದೆ ಅದರ ಕೈ ಮೇಲಾದರೆ ಹಾಲಿನ ಗ್ರಂಥಿ ಬೆಳೆಯುತ್ತದೆ. ಗಾಂಜಾ ಮೇಲಿನ ಆರೋಪ ಹಳೆಯದು. ಗಾಂಜಾ ಸೇದುವ ಕೆಲವು ಯುವಕರಲ್ಲಿ ಹೀಗಾಗಿದೆ ಅಂತ 1972ರಲ್ಲಿ ಅಮೆರಿಕದ ಡಾಕ್ಟರುಗಳು ಬರೆದರು. 1977ರಲ್ಲಿ ಈ ತೊಂದರೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದಾಗ ಸಂಬಂಧ ಕಾಣಲಿಲ್ಲ. ಕಾರಣಗಳ ಪಟ್ಟಿಯಲ್ಲಿ ಗಾಂಜಾ ಹೆಸರು ಈಗಲೂ ಇದೆ, ಆದರೆ ಸಾಕ್ಷಿ ಗಟ್ಟಿಯಿಲ್ಲ. ಬಿಪಿ, ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಮಾತ್ರೆ, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್, ಜಿಮ್ ಸ್ಟೀರಾಯ್ಡ್, ಇವುಗಳ ಮೇಲೆ ಅನುಮಾನ ಜಾಸ್ತಿ. ಡಾಕ್ಟರು ಬರೆದ ಮಾತ್ರೆ ಆಗಿದ್ದರೆ ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಅಂಕೋಲಾ: ನಂದು ಬರೀ ಕೊಬ್ಬು ಮಾರಾಯ್ರೆ! ಚಿವುಟಿದರೆ ಮೆತ್ತಗೆ, ಗಂಟೂ ಇಲ್ಲ ನೋವೂ ಇಲ್ಲ. ತೂಕ ಇಳಿಸಿದೆ, ಎದೆಯೂ ಇಳಿಯಿತು. ನಿಮ್ಮದು ಹಾಗೆ ಕಾಣುವುದಿಲ್ಲ.

ಹೊನ್ನಾವರ: ನಾಚಿಕೆ ಪಟ್ಟುಕೊಂಡು ವರ್ಷಗಟ್ಟಲೆ ಮುಚ್ಚಿಡಬೇಡಿ. ಹೊಸದರಲ್ಲಿ, ನೋವಿದ್ದಾಗ, ಈಸ್ಟ್ರೋಜೆನ್ ಕೆಲಸ ತಡೆಯುವ ಟಮಾಕ್ಸಿಫೆನ್ ಥರದ ಮಾತ್ರೆ ಕೆಲಸ ಮಾಡಬಹುದು, ಅದೂ ಡಾಕ್ಟರು ಹೇಳಿದರೆ ಮಾತ್ರ. ವರ್ಷ ದಾಟಿದರೆ ಗಂಟು ನಾರುಗಟ್ಟುತ್ತದೆ, ಆಮೇಲೆ ಮಾತ್ರೆಗೆ ಬಗ್ಗುವುದು ಕಷ್ಟ. ನಾನು ಮಣಿಪಾಲದ ಕಡೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಕೊಬ್ಬು ಹೀರಿ, ಗ್ರಂಥಿ ಕತ್ತರಿಸಿ ತೆಗೆದರು. ಆಮೇಲೆ ಕೆಲವು ವಾರ ಬಿಗಿಯಾದ ಬನಿಯನ್ ಹಾಕಿಕೊಂಡಿರಬೇಕು. ಮಳೆಗಾಲ ಬಿಟ್ಟು ಬೇಸಗೆಯಲ್ಲಿ ಮಾಡಿಸಿದರೆ ಆ ಸೆಕೆ ಸುಮ್ನೆ ತಡೆಯೋಕಾಗಲ್ಲ. ಇನ್ಶೂರೆನ್ಸಿನವರು ಚಂದಕ್ಕೆ ಮಾಡಿಸಿದ ಆಪರೇಷನ್ ಅಂತ ದುಡ್ಡು ಕೊಡಲಿಲ್ಲ, ಮೊದಲೇ ವಿಚಾರಿಸಿ. ಉಪನಯನದ ಹೊತ್ತಿಗೆ ಇಳಿಯುವುದು ಕಷ್ಟ, ಶಾಲು ಹೊದ್ದರೆ ಯಾರು ಕೇಳುತ್ತಾರೆ?

ಕಾರವಾರದಿಂದ, ಮತ್ತೆ: ಒಂದು ಬಿಟ್ಟುಹೋಯಿತು. ಒಂದೇ ಕಡೆ ಕಲ್ಲಿನಂಥ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದ ಹಾಗೆ ಕಂಡರೆ ಉಪನಯನ ಮುಗಿಯಲಿ ಅಂತ ಕಾಯಬೇಡಿ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಅಪರೂಪ ಅಷ್ಟೇ.

ಯಲ್ಲಾಪುರ: ಗಾಂಜಾ ಅಂದರೆ ಡಾಕ್ಟರು ಪೊಲೀಸರಿಗೆ ಹೇಳಿಬಿಡುತ್ತಾರೆ ಅನ್ನೋ ಹೆದರಿಕೆ ಬಹಳ ಜನರಿಗೆ ಇದೆ, ಅಲ್ವಾ? ರೋಗಿ ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಕೆಲಸ. ಸೇದುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಲ್ಲಿ ಅಪರಾಧ, ನಿಜ. ಆದರೆ ಚಟ ಬಿಡಲು ತಾನಾಗಿ ಚಿಕಿತ್ಸೆಗೆ ಬಂದವನಿಗೆ ಅದೇ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆ ಇದೆ. ಎದೆಗೂ ಗಾಂಜಾಕ್ಕೂ ಸಂಬಂಧ ಇರಲಿ ಬಿಡಲಿ, ದಿನಾ ಸೇದದೆ ಇರೋಕಾಗಲ್ಲ ಅನ್ನಿಸುತ್ತಿದ್ದರೆ 14446ಕ್ಕೆ ಫೋನ್ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ ಅದು, ದುಡ್ಡಿಲ್ಲ.