ಸಹಾಯ ಬೇಕು: ಆಪ್ಟೊಮೆಟ್ರಿಗೆ ಅರ್ಜಿ ಈ ವರ್ಷವೇ ಹಾಕಲಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಬಯಾಲಜಿ ಡಿಗ್ರಿ ಮೂರನೇ ವರ್ಷ ಓದುತ್ತಿದ್ದೇನೆ. ಮುಂದೆ 4 ವರ್ಷದ ಒಡಿ (ಡಾಕ್ಟರ್ ಆಫ್ ಆಪ್ಟೊಮೆಟ್ರಿ, ಅಂದ್ರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ವೃತ್ತಿಯ) ಕೋರ್ಸ್ ಸೇರುವ ಆಸೆ.

ಕೆಲವು ವಾರಗಳಿಂದ ಒಬ್ಬ ಕಣ್ಣಿನ ಡಾಕ್ಟರ ಪಕ್ಕದಲ್ಲಿ ಕೂತು ಕೆಲಸ ನೋಡುತ್ತಿದ್ದೇನೆ. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಡಾಕ್ಟರು ಲೆನ್ಸ್ ಬದಲಿಸುತ್ತಾ 'ಇದು ಚೆನ್ನಾಗಿ ಕಾಣುತ್ತಾ, ಅದಾ?' ಅಂತ ಕೇಳುತ್ತಿದ್ದರು. ಕೊನೆಯ ಸಾಲಿನ ಅಕ್ಷರ ಓದಿದಾಗ ಅಜ್ಜಿಯ ಮುಖ ನೋಡಬೇಕಿತ್ತು! ನನಗೆ ಇದೇ ಕೆಲಸ ಬೇಕು ಅಂತ ಅವತ್ತೇ ಗಟ್ಟಿಯಾಯಿತು.

ತೊಂದರೆ ಏನಂದ್ರೆ, ಒಎಟಿ, ಅಂದ್ರೆ ಆಪ್ಟೊಮೆಟ್ರಿ ಕಾಲೇಜು ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಬಯಾಲಜಿ, ಕೆಮಿಸ್ಟ್ರಿ, ಓದಿ ಅರ್ಥ ಮಾಡಿಕೊಳ್ಳುವ ಭಾಗ, ಗಣಿತ ಹೇಗೋ ಆಗುತ್ತೆ. ಫಿಸಿಕ್ಸ್ ಮಾತ್ರ ಭಯ. ಕಾಲೇಜಿನಲ್ಲಿ ಎರಡನೇ ಸೆಮಿಸ್ಟರ್‌ನ ಫಿಸಿಕ್ಸ್ ಇನ್ನೂ ಮುಗಿದಿಲ್ಲ, ಬೆಳಕಿನ ಪಾಠ ಇರುವುದೇ ಅದರಲ್ಲಿ. ಮುಗಿಸಿಯೇ ಪರೀಕ್ಷೆ ಬರೆಯಲಾ, ಇಲ್ಲ ನಾನೇ ಓದಿಕೊಂಡು ಬೇಗ ಬರೆಯಲಾ? ಆಪ್ಟಮ್‌ಕ್ಯಾಸ್‌ನಲ್ಲಿ (ಆಪ್ಟೊಮೆಟ್ರಿ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಬೇಗ ಅರ್ಜಿ ಹಾಕಿದಷ್ಟೂ ಒಳ್ಳೆಯದು, ಸೀಟು ತುಂಬುತ್ತಾ ಹೋಗುತ್ತೆ ಅಲ್ವಾ, ಅದಕ್ಕೇ ಈ ಗಡಿಬಿಡಿ.

ಇನ್ನೊಂದು, ಶಿಫಾರಸು ಪತ್ರ. ಈ ಡಾಕ್ಟರನ್ನು ಈಗಲೇ ಕೇಳಿದರೆ ತಪ್ಪಾಗುತ್ತಾ? ಪರಿಚಯ ಇನ್ನೂ ಹೊಸದು. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.